ನನಗೂ ಹೀಗೇ ಆಗಿತ್ತು

"ಏಳು ವರ್ಷ," ಎಂದ ಕ್ಷೌರಿಕ, ಬೇಕರಿಯವನ ಕಿವಿಯ ಹತ್ತಿರ ಬಗ್ಗಿ. "ಏಳು ವರ್ಷ ನಮಗೂ ಮಕ್ಕಳಿಲ್ಲ. ಮನೆಯವಳು ಕಂಡವರ ಮಗುವಿಗೆಲ್ಲ ಸ್ವೆಟರ್ ಹೆಣೆದು ಕೊಟ್ಟು ಬರೋಳು. ಬಂದು ಬಾಗಿಲು ಹಾಕ್ಕೊಂಡು ಅಳೋಳು."

ಬೆಂಚಿನ ಮೇಲೆ ಪತ್ರಿಕೆಯ ಹಿಂದೆ ಕೂತಿದ್ದ ಲೆಕ್ಕದ ಮೇಷ್ಟ್ರ ಕಿವಿ ನೆಟ್ಟಗಾಯಿತು. ತರಗತಿಯ ಕೊನೆಯ ಬೆಂಚಿನ ಪಿಸುಮಾತು ಹಿಡಿಯುವುದರಲ್ಲೇ ಹದಿನೈದು ವರ್ಷ ಪಳಗಿದ ಕಿವಿ ಅದು.

ಏಳೇ? ಹೋದ ತಿಂಗಳು ಇದೇ ಕುರ್ಚಿಯಲ್ಲಿ ತಮಗೆ ಹೇಳಿದ್ದು ನಾಲ್ಕು. ಮೊನ್ನೆ ಟೈಲರಿಗೆ ಹೇಳಿದ್ದು ಹನ್ನೆರಡು. ಅದಕ್ಕೂ ಮುಂಚೆ ಔಷಧಿ ಅಂಗಡಿಯವನಿಗೆ ಎಂಟು. ಮೇಷ್ಟ್ರು ಪತ್ರಿಕೆಯ ಅಂಚಿನಲ್ಲಿ ಕೂಡಿ ನೋಡಿದರು. ಮೂವತ್ತೊಂದು. ಕ್ಷೌರಿಕನ ವಯಸ್ಸು ಮೂವತ್ತಾರು ದಾಟಿರಲಾರದು. ಲೆಕ್ಕದ ಪ್ರಕಾರ ಪುಣ್ಯಾತ್ಮ ಐದನೇ ವಯಸ್ಸಿಗೇ ಸಂಸಾರ ಹೂಡಿರಬೇಕು.

ನಗು ಬರಬೇಕಿತ್ತು. ಬರಲಿಲ್ಲ. ಆ ನಾಲ್ಕು ವರ್ಷವನ್ನು ನಂಬಿಯೇ ಅವರು ಸೋಮವಾರ ಆಸ್ಪತ್ರೆಗೆ ಬರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದರು. ದಿನ, ಗಂಟೆ ಎಲ್ಲ ಕ್ಷೌರಿಕನಿಗೂ ತಿಳಿಸಿದ್ದರು.

"ನಾಲ್ಕು ವರ್ಷ ಮನೆಯವಳನ್ನೇ ಎಲ್ಲ ಪರೀಕ್ಷೆಗೂ ದೂಡಿದವನು ನಾನು, ಮೇಷ್ಟ್ರೇ," ಎಂದಿದ್ದ ಅಂದು. "ಕೊನೆಗೊಂದು ದಿನ ನಾನೂ ಹೋದೆ. ಏನಾಯ್ತು? ಮೀಸೆ ಇದ್ದಲ್ಲೇ ಇತ್ತು."

ಆ ಒಂದು ಮಾತಿಗೆ ಮೇಷ್ಟ್ರ ಎದೆ ಹಗುರಾಗಿ, ಹೆಂಡತಿಗೂ ಹೇಳದ್ದನ್ನೆಲ್ಲ ಆ ಕುರ್ಚಿಯಲ್ಲಿ ಹೇಳಿಬಿಟ್ಟಿದ್ದರು. ಸಾಲದ್ದಕ್ಕೆ ಅವನ ಮೇಲೆ ಮರುಕವೂ ಹುಟ್ಟಿತ್ತು. ಅಂಗಿಯ ಗುಂಡಿಗೆ ಬೇರೆ ಬಣ್ಣದ ದಾರ. ಮಧ್ಯಾಹ್ನಕ್ಕೆ ಹೋಟೆಲಿನ ಪೊಟ್ಟಣ. ಪಾಪ, ಆಸ್ಪತ್ರೆಗೆ ಅಲೆದಲೆದು ಆ ಹೆಂಗಸು ಹಾಸಿಗೆ ಹಿಡಿದಿರಬೇಕು ಎಂದುಕೊಂಡಿದ್ದರು.

ಈಗ ನೋಡಿದರೆ ಬರೀ ಬೊಗಳೆ. ಮೇಷ್ಟ್ರು ತಲೆಗೂದಲು ಹಾಗೇ ಇಟ್ಟುಕೊಂಡು ಎದ್ದು ಹೋದರು.

ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ರೀ, ಸೋಮವಾರ ಹತ್ತು ಗಂಟೆಗೆ. ನೆನಪಿದೆ ತಾನೆ?"

"ಹೊಟ್ಟೇಲಿ ಯಾಕೋ ಸರಿ ಇಲ್ಲ."

"ನಿಮ್ಮ ಹುಡುಗರೂ ಪರೀಕ್ಷೆಗೆ ಮುಂಚೆ ಇದೇ ರಾಗ ತೆಗೀತಾರೆ ಅಂತ ನೀವೇ ನಗ್ತಿದ್ರಿ." ಅವಳು ಮಡಿಸಿದ ಅಂಗಿಯನ್ನೇ ಬಿಡಿಸಿ ಮತ್ತೆ ಮಡಿಸಿದಳು. "ನನ್ನವು ಹನ್ನೊಂದು ಪರೀಕ್ಷೆ ಆದವು. ನಿಮ್ಮದು ಒಂದೇ ಒಂದು. ಈ ಸಲ ಬರದಿದ್ರೆ ನಾನು ಇನ್ನು ಕೇಳೋದಿಲ್ಲ."

ಸಿಟ್ಟಿಲ್ಲದ ಮಾತು. ಅದಕ್ಕೇ ಮೇಷ್ಟ್ರಿಗೆ ಹೆದರಿಕೆಯಾಯಿತು.

ಆದರೂ ಒಂದು ದಾರಿ ಕಾಣುತ್ತಿತ್ತು. ಸುಳ್ಳುಗಾರನ ಮಾತು ಕೇಳಿ ಕೊಟ್ಟ ಭಾಷೆ ಭಾಷೆಯೇ ಅಲ್ಲ. ಅವನ ಬಾಯಿಂದಲೇ ಸುಳ್ಳನ್ನು ಒಪ್ಪಿಸಿಬಿಟ್ಟರೆ ಸೋಮವಾರದಿಂದ ಪಾರು. ಭಾನುವಾರ ಮಧ್ಯಾಹ್ನ ಮೇಷ್ಟ್ರು ಸುಳ್ಳಿನ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ನುಗ್ಗಿದರು.

ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ. ಆನೆಯಂಥ ಆಳು, ಬಟ್ಟೆ ಹೊದ್ದು ಬೆಕ್ಕಿನ ಮರಿಯಂತೆ ಮುದುಡಿದ್ದ. ಮೇಷ್ಟ್ರು ಪತ್ರಿಕೆ ಬಿಡಿಸಿ ಕೂತರು.

"ನನಗೂ ಹೀಗೇ ಆಗಿತ್ತು, ಡ್ರೈವರಣ್ಣ," ಕ್ಷೌರಿಕನ ದನಿ ತಗ್ಗಿತು. "ಮನೇಲಿ ಹೇಳದೆ ಒಬ್ಬನೇ ಹೋದೆ. ಹಿಂದಿನ ಗೇಟಿಂದ. ಫಾರ್ಮು ಕೊಟ್ಟರು. ಹೆಸರು ಬರೆಯೋ ಜಾಗ ಬಂತು ನೋಡು, ನನ್ನದು ಬಿಟ್ಟು ನಮ್ಮ ಮೇಲಧಿಕಾರಿ ಹೆಸರು ಬರೆದುಬಿಟ್ಟೆ. ನರ್ಸಮ್ಮ ಇಡೀ ಹಾಲಿಗೆ ಕೇಳೋ ಹಾಗೆ ಮೂರು ಸಲ ಆ ಹೆಸರು ಕೂಗಿದ್ರು. ನಾನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಓಡಿದೆ."

ಸ್ವಂತ ಅಂಗಡಿಯವನಿಗೆ ಮೇಲಧಿಕಾರಿ ಎಲ್ಲಿಂದ ಬಂದ ಎಂದು ಡ್ರೈವರ್ ಕೇಳಲಿಲ್ಲ. ಅವನು ಹೊಟ್ಟೆ ಕುಲುಕಿಸಿ ನಗುತ್ತಿದ್ದ. ತುಂಬ ದಿನದ ಮೇಲೆ ನಕ್ಕವನಂತೆ ಕಣ್ಣೊರೆಸಿಕೊಂಡ.

ಪತ್ರಿಕೆಯ ಹಿಂದೆ ಮೇಷ್ಟ್ರ ಮುಖ ಕೆಂಡವಾಯಿತು. ಫಾರ್ಮಿನಲ್ಲಿ ಬರೆದ ಆ ಹೆಸರು ಅವರ ಹೆಡ್ಮಾಸ್ಟರದು. ಆ ಓಟ, ಆ ಚಪ್ಪಲಿ, ಎರಡೂ ಅವರವೇ. ಹಾಗಾದರೆ ಆ ಏಳು ಇನ್ಯಾರದೋ. ಎಂಟು, ಹನ್ನೆರಡು, ಒಂದೊಂದೂ ಈ ಕುರ್ಚಿಯಲ್ಲಿ ಕೂತೆದ್ದವರದು. ಯಾರ ಹೆಸರೂ ಹೊರಬೀಳದಂತೆ ಎಲ್ಲಕ್ಕೂ ತನ್ನ ಹೆಸರು ಹಚ್ಚಿಕೊಂಡಿದ್ದಾನೆ ಈ ಮನುಷ್ಯ. ಕೂಡಬಾರದ ಸಂಖ್ಯೆಗಳನ್ನು ಕೂಡಿದ್ದರು ಮೇಷ್ಟ್ರು.

"ಆಮೇಲೆ? ಮತ್ತೆ ಹೋದ್ರಾ?" ಎಂದ ಡ್ರೈವರ್.

ಕತ್ತರಿಯ ಲಯ ತಪ್ಪಿತು. ಕ್ಷೌರಿಕ ಕನ್ನಡಿಯಲ್ಲೇ ಪತ್ರಿಕೆಯ ಕಡೆ ನೋಡಿದ. "ನಾಳೆ ಬೆಳಿಗ್ಗೆ ಹತ್ತಕ್ಕೆ ಇದೆ."

"ಹೋಗ್ತೀರಲ್ಲ?"

"ಏನು ಹೇಳ್ಲಿ ಅಣ್ಣ. ಧೈರ್ಯ ಸಾಲ್ತಾ ಇಲ್ಲ."

ಡ್ರೈವರನ ಮುಖ ಮತ್ತೆ ಬಟ್ಟೆಯೊಳಗೆ ಇಳಿಯಿತು. "ನಿಮ್ಮಂಥವರೇ ಹಿಂಗಂದ್ರೆ ನಾನಂತೂ ಆ ಕಡೆ ತಲೆ ಹಾಕಲ್ಲ ಬಿಡಿ."

"ಹೋಗ್ತಾರೆ," ಎಂದಿತು ಪತ್ರಿಕೆ.

ಡ್ರೈವರ್ ಕತ್ತು ತಿರುಗಿಸಿದ. "ನಿಮಗೆ ಹೆಂಗೆ ಗೊತ್ತು?"

"ನಾನೇ ಕರ್ಕೊಂಡು ಹೋಗ್ತೀನಿ," ಎಂದರು ಮೇಷ್ಟ್ರು, ಪತ್ರಿಕೆ ಕೆಳಗಿಳಿಸಿ. "ಹೆಸರೂ ಸರಿಯಾಗಿ ಬರೆಸ್ತೀನಿ."

"ಹಂಗಾದ್ರೆ ಮಂಗಳವಾರ ಬಂದು ಕೇಳ್ತೀನಿ," ಎಂದು ಡ್ರೈವರ್ ಎದ್ದ. ಹೋಗುವಾಗ ಕ್ಷೌರಿಕನ ಬೆನ್ನು ತಟ್ಟಿದ. "ಧೈರ್ಯವಾಗಿರಿ ಅಣ್ಣ."

ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಜೇಬಿನ ಪಟ್ಟಿ ಜೇಬಿನಲ್ಲೇ ಉಳಿಯಿತು. ಕನ್ನಡಿಯೊಳಗೆ ಇಬ್ಬರ ಕಣ್ಣೂ ಕೂಡಿ, ತಪ್ಪಿಸಿಕೊಂಡವು. ಊರವರ ನೋವನ್ನೆಲ್ಲ ತನ್ನದೆಂದು ಹೊತ್ತ ಈ ಬಡಪಾಯಿಯ ಒಳಗೆ ತನ್ನದೇ ಆದದ್ದು ಅದೆಷ್ಟು ಆಳದಲ್ಲಿ ಕೂತಿದೆಯೋ ಎನ್ನಿಸಿತು ಅವರಿಗೆ.

"ಎಲ್ಲರದೂ ಹೇಳಿದ್ರಿ," ಎಂದರು ಮೆಲ್ಲಗೆ. "ನಿಮ್ಮ ಸ್ವಂತದ್ದನ್ನೂ ಯಾರಾದರೂ ಕೇಳಬೇಕಲ್ಲ. ನನ್ನ ಹತ್ರ ಸಂಕೋಚ ಬೇಡ. ಎಷ್ಟು ವರ್ಷ ಆಯ್ತು ನಿಮಗೆ?"

ಕ್ಷೌರಿಕ ಬಟ್ಟೆ ಕೊಡವಿ, ಅವರ ಕೊರಳಿಗೆ ಸುತ್ತಿ, ನಾಚಿಕೊಂಡು ಹೇಳಿದ: "ನನಗಿನ್ನೂ ಹೆಣ್ಣೇ ಸಿಕ್ಕಿಲ್ಲ, ಮೇಷ್ಟ್ರೇ."