ಎಡಗಿವಿಯ ಎಣ್ಣೆ

ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನ್ನ ಎಡಗಿವಿ ಬೆಚ್ಚಗಾಗುತ್ತದೆ.

ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ, ಕೀವು ಸೋರಿ ಕೇಳಿಸದಾಗಿದ್ದ ಆ ಕಿವಿಗೆ ಅವ್ವ ಅದೇ ಎಣ್ಣೆ ಬಿಟ್ಟಿದ್ದಳು. ಜ್ವರ ಏರಿದಾಗ ನನ್ನನ್ನು ಹೊತ್ತು ಕಮಠಾಣದಿಂದ ಬೀದರಿನ ದವಾಖಾನೆಗೆ ನಡೆದಳು. ಮಧ್ಯಾಹ್ನವಾಗಿತ್ತು.

"ಡಾಕ್ಟರ್ ಸಾಹೇಬ್ರು ಊಟಕ್ಕ ಹೊಂಟಾರ. ನಾಳಿ ಬಾ," ಎಂದ ಕಂಪೌಂಡರ್.

ಅವ್ವ ಹೊಸ್ತಿಲ ಮೇಲೆಯೇ ಕುಳಿತಳು. "ಸರ್ಕಾರ ಬದಲಾಗ್ಯಾದ ಅಂತ ಡಂಗುರ ಹೊಡಸೀರಿ. ಆ ಡಂಗುರ ನನ್ನ ಮಗಳಿಗಿ ಕೇಳಸಬೇಕಲ್ಲರಿ?"

ಹೊರಟಿದ್ದ ಡಾಕ್ಟರು ನಿಂತರು, ಕಿವಿ ನೋಡಿದರು. "ನೆಗಡ್ಯಾಗ ಮೂಗಿನ ಹಿಂದಿನ ಕ್ರಿಮಿ ಕಿವಿಯೊಳಗ ಸೇರ್ಯಾವ ಅವ್ವಾ. ಎಣ್ಣಿಗಿ ಅವು ಸಾಯಂಗಿಲ್ಲ," ಎಂದು ಪೆನಿಸಿಲಿನ್ ಚುಚ್ಚಿದರು.

ಕೀವು ನಿಂತ ದಿನ ಅವ್ವ ಉಳಿದ ಎಣ್ಣೆಯನ್ನು ಜೋಳದ ರೊಟ್ಟಿಗೆ ಸುರಿದುಕೊಂಡು, "ಇದರ ಜಾಗಾ ಹೊಟ್ಟಿ," ಎಂದಳು. ಗುಣವಾದ ಎಡಗಿವಿಗೆ ಮೊದಲು ಬಿದ್ದ ಮಾತು ಅದೇ.