ಪ್ರಾಂಪ್ಟಿನಲ್ಲಿ ಕೆಂಪು

ಮೂರು ದಿನದಿಂದ ಗಂಡ ಕಂಪ್ಯೂಟರಿನ ಪ್ರಾಂಪ್ಟಿಗೆ ಬಣ್ಣ ಹಚ್ಚುತ್ತಿದ್ದ. ಕಮ್ಯಾಂಡ್ ಬರೆಯುವ ಸಾಲಿನ ಮೊದಲಲ್ಲೇ ಈಗ ಗಂಟೆ, ಬ್ಯಾಟರಿ, ಹವಾಮಾನ ಎಲ್ಲವೂ ಕಾಣುತ್ತಿದ್ದವು.

“ಇಷ್ಟೆಲ್ಲ ತೋರಿಸತ್ತೆ, ನಾನು ಹೇಗಿದೀನಿ ಅಂತ ತೋರಿಸಲ್ವೇನ್ರೀ?” ಹೆಂಡತಿ ಕೇಳಿದಳು.

ಅವನು ನಕ್ಕು ಅದನ್ನೂ ಸೇರಿಸಿದ. ಸಮಾಧಾನಕ್ಕೆ ಹಸಿರು, ಸಿಟ್ಟಿಗೆ ಕೆಂಪು. ಬಣ್ಣ ಬದಲಿಸುವ ಗುಂಡಿಯನ್ನು ಅವಳ ಫೋನಿಗೆ ಹಾಕಿಕೊಟ್ಟ.

ಮರುದಿನ ಅಡುಗೆಮನೆಯಿಂದ ಎರಡು ಸಲ ಕರೆದರೂ ಅವನು ಏಳಲಿಲ್ಲ. ಅವಳು ಫೋನಿನ ಗುಂಡಿ ಒತ್ತಿ ಕೆಂಪು ಮಾಡಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನು ಓಡಿಬಂದ.

“ಏನಾಯ್ತೇ?”

“ಏನಿಲ್ಲ, ಈ ಡಬ್ಬಿ ಮುಚ್ಚಳ ತೆಗೆದುಕೊಡಿ.”

ತೆಗೆದುಕೊಟ್ಟು ಹೋದ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಹುಬ್ಬು ಗಂಟಿಕ್ಕಿದರು.

“ಗಂಡನ್ನ ಹೀಗಾ ಕುಣಿಸೋದು?”

ಅವಳು ತಲೆ ತಗ್ಗಿಸಿದಳು.

ಅತ್ತೆ ಹೊರಗೊಮ್ಮೆ ಇಣುಕಿ ದನಿ ತಗ್ಗಿಸಿದರು. “ನಾಳೆಯಿಂದ ನಿಮ್ಮಾವನಿಗೂ ಕಂಪ್ಯೂಟರ್ ಕಲಿಸಿಬಿಡೇ.”