ಎರಡಾದ ನೋಟ

ಕ್ಷೌರಿಕನ ರೇಜರ್ ಅವನ ಭಾವನ ಗಂಟಲ ಹತ್ತಿರ ನಿಂತುಬಿಟ್ಟಿತು. ನೊರೆ ಮೆತ್ತಿದ ಕತ್ತು ಅವನಿಗೆ ಎರಡಾಗಿ ಕಾಣುತ್ತಿತ್ತು. ಸ್ನಾಯುಗಳಿಗೆ ಹಿಡಿದ ಕಾಯಿಲೆ. ಬೆಳಗಿನ ಮಾತ್ರೆಯ ಬಲ ಇಳಿದರೆ ರೆಪ್ಪೆ ಜೋಲುತ್ತಿತ್ತು, ನೋಟ ಒಡೆಯುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡು ಹೇಗೋ ನಿಭಾಯಿಸುತ್ತಿದ್ದ, ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಇವತ್ತು ಬೆರಳುಗಳೂ ಸೋತಿದ್ದವು.

"ಯಾಕೋ ನಿಲ್ಲಿಸಿದೆ? ಈಗಷ್ಟೇ ಜೊಂಪು ಹತ್ತಿತ್ತು," ಎಂದು ಭಾವ ಕಣ್ಣು ಮುಚ್ಚಿಕೊಂಡೇ ಗೊಣಗಿದರು. ಈ ಕುರ್ಚಿಯಲ್ಲಿ ಅವರಿಗೆ ನಿದ್ದೆ ಬರದ ದಿನವೇ ಇರಲಿಲ್ಲ.

"ಭಾವ, ನಿಮ್ಮ ತಲೆ ಎರಡೆರಡು ಕಾಣ್ತಿದೆ."

"ನಿಮ್ಮಕ್ಕನಿಗೆ ಹೇಳ್ಬೇಡ. ಒಂದನ್ನೇ ಸಹಿಸೋದು ಕಷ್ಟ ಅಂತಾಳೆ."

ಅವನು ನಗಲಿಲ್ಲ. "ಕಾಯಿಲೆ ಭಾವ. ಎರಡು ವರ್ಷ ಆಯ್ತು."

ಭಾವ ಕಣ್ಣು ತೆರೆದರು. ಅವರ ಕೈ ಹೊದಿಸಿದ ಬಟ್ಟೆಯಡಿಯಿಂದ ಮೆಲ್ಲನೆ ಹೊರಬಂದು ಕತ್ತನ್ನು ಮುಚ್ಚಿಕೊಂಡಿತು.